ತೊಲೆ ಏರುವ ಮೊದಲು ಬರೆದ ಕಾಗದ

1955ರ ಬೇಸಿಗೆ. ನಮ್ಮ ಉದಗೀರು ಆಗಿನ್ನೂ ಹೈದರಾಬಾದ್ ರಾಜ್ಯದಲ್ಲಿತ್ತು. ಮುಂಬಯಿಗೆ ಸೇರಿದ್ದು ಮರುವರ್ಷ. ನಾನು ಆ ಮನೆಗೆ ಸೊಸೆಯಾಗಿ ಬಂದು ಮೂರು ವರ್ಷವಾಗಿತ್ತು. ಮಾವ ಬೇಳೆ ವ್ಯಾಪಾರಿ. ಮನೆಗೆ ಅಂಟಿಕೊಂಡೇ ತೊಗರಿ ತುಂಬುವ ದೊಡ್ಡ ಗೋದಾಮು, ಅದಕ್ಕೂ ಊರ ಮನೆಗಳಿಗಿದ್ದಂಥದೇ ಮಣ್ಣಿನ ಮಾಳಿಗೆ. ಮಾವನೂ ನನ್ನ ಗಂಡನೂ ನಿಜಾಮರ ಕಾಲದ ಶಾಲೆಯಲ್ಲಿ ಉರ್ದು ಕಲಿತವರು. ಸೊಲ್ಲಾಪುರದಲ್ಲಿ ಏಳನೆಯ ಇಯತ್ತೆವರೆಗೆ ಓದಿದ್ದ ನನಗೆ ಕನ್ನಡ, ಮರಾಠಿ ಎರಡೂ ಬರೆಯಲು ಬರುತ್ತಿತ್ತು. ಹೀಗಾಗಿ ಮನೆಯ ಕಾಗದಪತ್ರವೆಲ್ಲ ನನ್ನ ಪಾಲಿಗೆ ಬಿದ್ದಿತ್ತು. ಅದರ ಜೊತೆ ಸ್ವಲ್ಪ ಜಂಬವೂ ಬಂದಿತ್ತು.

ಗೋದಾಮಿಗೆ ಬೆಂಕಿ ವಿಮೆ ಇತ್ತು. ವಿಮೆ ಅಂದರೆ ಮನುಷ್ಯ ಸತ್ತ ಮೇಲೆ ಸಿಗುವುದು ಎಂದೇ ನಮ್ಮ ಊರಲ್ಲಿ ತಿಳಿದಿದ್ದರು. ಕಟ್ಟಡಕ್ಕೂ ವಿಮೆ ಇಳಿಸಬಹುದು ಎಂದು ಮಾವನ ಬೆನ್ನು ಹತ್ತಿ ಒಪ್ಪಿಸಿದವರು ನಿಲಂಗಾದ ಏಜೆಂಟ್ ಮಾಧವರಾಯರು. ಆ ವರ್ಷ ಗೋದಾಮಿನ ತೊಲೆಗಳಿಗೆ ಗೆದ್ದಲು ಹಿಡಿಯಿತು. ಮಾಳಿಗೆ ಬಿಚ್ಚಿ ಹೊಸ ತೊಲೆ ಹಾಕಿಸುವುದೆಂದು ಗೊತ್ತಾದಾಗ ರಾಯರು ಬಂದು ಹೇಳಿದರು:

"ಮಾಲಕ, ಕಟ್ಟಡಕ್ಕ ಕೈ ಹಚ್ಚೂ ಮೊದ್ಲ ಕಂಪನಿಗೆ ಒಂದ್ ಕಾಗದ ಬರೀರಿ. ರಿಪೇರಿ ನಡದಾಗ ಬೆಂಕಿ ಭಯ ಜಾಸ್ತಿ. ತಿಳಸದೇ ಕೆಲಸ ಹಿಡದ್ರ, ನಾಳೆ ಏನರ ಆದ್ರ ಕಂಪನಿ ಕೈ ಎತ್ತಿಬಿಡ್ತದ."

ನಾನು ಅಂದೇ ಮರಾಠಿಯಲ್ಲಿ ಕಾಗದ ಬರೆದೆ. ಮಾಳಿಗೆ ಬಿಚ್ಚುತ್ತಿದ್ದೇವೆ, ಕೆಲಸ ನಡೆದಿರುವಾಗ ಬೆಂಕಿ ಬಿದ್ದು ಹಾನಿಯಾದರೂ ವಿಮೆ ಊರ್ಜಿತವಿರಬೇಕು ಎಂದು. ಮಾವನಿಗೆ ಕನ್ನಡದಲ್ಲಿ ಅರ್ಥ ಹೇಳುತ್ತಿದ್ದೆ. ಒಳಗಿನಿಂದ ಅತ್ತೆ ಹಿಟ್ಟಿನ ಕೈಯಲ್ಲೇ ಬಂದರು.

"ಏನ್ ಓದ್ಲಿಕತ್ತೀ ಅದು? ಹೊಸಾ ತೊಲಿ ಏರೂ ಮೊದ್ಲ ಬೆಂಕಿ ಬೀಳ್ತದಂತ ಬರದು ಮನಿ ಹೊರಗ ಕಳಸ್ತೀಯೇನ?"

"ಬೀಳ್ತದಂತ ಅಲ್ರೀ ಅತ್ತಿ, ಬಿದ್ರ ಅಂತ."

"ನನಗ ಎರಡೂ ಒಂದೇ. ತೊಲಿ ಏರ್ಲಿ, ಆಮ್ಯಾಲ ಏನ್ ಬೇಕಾದ್ರೂ ಬರಿ."

ಅತ್ತೆಯ ಕಟ್ಟಳೆ ಹಾಗಿತ್ತು. ಬಡಿಗನಿಗೆ ವೀಳ್ಯ ಕೊಟ್ಟ ದಿನದಿಂದ ನಡುವಿನ ದೊಡ್ಡ ತೊಲೆಗೆ ಹಸಿರು ಖಣದ ಬಟ್ಟೆ ಕಟ್ಟಿ, ಕಾಯಿ ಒಡೆದು, ಮೇಲೇರಿಸುವ ತನಕ ಮನೆಯಲ್ಲಿ ಸುಡುವ, ಬೀಳುವ, ಮುರಿಯುವ ಮಾತು ಆಡಬಾರದು. ಒಲೆಗೆ ಬೆಂಕಿ ಹಾಕು ಅನ್ನಬೇಕಾದರೂ ನಾನು ಎರಡು ಸಲ ಯೋಚಿಸಬೇಕಿತ್ತು. ಮಾವ ಪೇಟೆಯಲ್ಲಿ ಹುಲಿ, ಅತ್ತೆಯ ಮುಂದೆ ಬೆಕ್ಕು. ಕಾಗದವನ್ನು ದೇವರ ಜಗಲಿಯ ಮೇಲಿಟ್ಟು, ಶುಕ್ರವಾರ ತೊಲೆ ಏರಿದ ಮೇಲೆ ಟಪಾಲಿಗೆ ಹಾಕುವುದೆಂದು ತೀರ್ಮಾನವಾಯಿತು. ಕೆಲಸ ಮಾತ್ರ ಸೋಮವಾರವೇ ಶುರುವಾಯಿತು. ಎಂಥವರ ಕೈಗೆ ಸಿಕ್ಕೆನಪ್ಪಾ ಎಂದು ನಾನು ಒಳಗೊಳಗೇ ಕುದಿದೆ.

ಗುರುವಾರ ಮಧ್ಯಾಹ್ನ ಬಡಿಗರು ತೊಲೆಗಳ ತುದಿಗೆ ಗೆದ್ದಲು ಹತ್ತದಿರಲೆಂದು ಬಳಿಯಲು ಡಾಂಬರು ಕಾಯಿಸುತ್ತಿದ್ದರು. ಅದು ಉಕ್ಕಿ ಒಲೆಗೆ ಚೆಲ್ಲಿತು. ಪಕ್ಕದಲ್ಲೇ ಹಳೆ ಮಾಳಿಗೆಯಿಂದ ತೆಗೆದ ಒಣ ಕಟ್ಟಿಗೆ ರಾಶಿ ಬಿದ್ದಿತ್ತು. ಅಷ್ಟು ಸಾಕಾಯಿತು. ಓಣಿಯ ಜನವೆಲ್ಲ ಬಾವಿಯಿಂದ ಸಾಲಾಗಿ ನಿಂತು ಕೊಡ ಸಾಗಿಸಿದರು, ಮಣ್ಣು ಎರಚಿದರು. ಮನೆ ಉಳಿಯಿತು. ಗೋದಾಮಿನ ಅರ್ಧ ಮಾಳಿಗೆ, ತಂದಿಟ್ಟ ಹೊಸ ತೊಲೆಗಳು ಎಲ್ಲ ಹೋದವು. ದೊಡ್ಡ ಬಡಿಗನ ಒಂದು ಕೈ ಸುಟ್ಟು ತಿಂಗಳುಗಟ್ಟಲೆ ಕೆಲಸಕ್ಕೆ ಬಾರದಾಯಿತು.

ಮಳೆಗಾಲ ತಲೆಯ ಮೇಲೆ ಬಂದಿತ್ತು. ಕಂಪನಿ ವಿಮೆ ಹಣ ಕೊಡದಿದ್ದರೆ ಗೋದಾಮು ಎಬ್ಬಿಸಲು ಉಳಿದದ್ದು ಒಂದೇ ದಾರಿ, ನಿಲಂಗಾ ರಸ್ತೆಯ ಕರಿ ಹೊಲ ಮಾರುವುದು. ಅದು ಮಾವನದಲ್ಲ. ಮದುವೆಯಲ್ಲಿ ತವರಿನವರು ಅರಿಶಿನ ಕುಂಕುಮಕ್ಕೆಂದು ಅತ್ತೆಗೆ ಕೊಟ್ಟದ್ದು.

ಮರುದಿನ ಮಾಧವರಾಯರು ಓಡಿ ಬಂದರು. ಜಗಲಿಯ ಮೇಲಿನ ಕಾಗದ ತರಿಸಿ ನೋಡಿದರು. ದನಿ ತಗ್ಗಿಸಿ ಹೇಳಿದರು: "ಸೋಮವಾರ ಮುಂಜಾನಿ ಇದನ್ನ ನನ್ನ ಕೈಯಾಗ ಕೊಟ್ರಿ ಅಂತ ಹೇಳ್ರಿ. ನಾ ಮರತು ಚೀಲದಾಗ ಇಟಗೊಂಡಿದ್ದೆ ಅಂತೀನಿ. ಏಜೆಂಟನ ಕೈಗೆ ಬಂದ್ರ ಕಂಪನಿ ಕೈಗೆ ಬಂದಾಂಗ."

"ನಿಮ್ಮ ಏಜೆನ್ಸಿ ಹೋಗ್ತದಲ್ರೀ ರಾಯರ?" ಎಂದರು ಮಾವ.

"ಹೋದ್ರ ಹೋಗ್ಲಿ. ವಿಮಾ ಇಳಸ್ರಿ ಅಂತ ಗಂಟು ಬಿದ್ದಂವ ನಾನ ಅಲ್ಲ?"

ಅವರು ಕಾಗದವನ್ನು ಚೀಲಕ್ಕೆ ಹಾಕಿಕೊಂಡರು. ಬರೆದವಳು ನಾನಾದ್ದರಿಂದ ನನ್ನನ್ನು ಕೇಳಿಯೇ ಕೇಳುತ್ತಾರೆ ಎಂದು ನನ್ನ ಗಂಡ ಎರಡು ದಿನ ನನಗೆ ಪಾಠ ಹೇಳಿಕೊಟ್ಟರು. ಅತ್ತೆಗೆ ಯಾರೂ ಹೇಳಲಿಲ್ಲ.

ನಾಲ್ಕು ದಿನದ ನಂತರ ಸೊಲ್ಲಾಪುರದಿಂದ ಕಂಪನಿಯ ಸಾಹೇಬರು ಬಂದರು. ನಡುವಯಸ್ಸಿನ, ಮೆದು ಮಾತಿನ ಮನುಷ್ಯ. ಸುಟ್ಟ ಜಾಗವನ್ನೆಲ್ಲ ಅಳೆದು, ಪಡಸಾಲೆಯಲ್ಲಿ ಕುಳಿತು ವಹಿ ತೆಗೆದರು. ರಾಯರು ಒಂದು ಮೂಲೆಯಲ್ಲಿ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಸಾಹೇಬರು ಅವರನ್ನು ಬಿಟ್ಟು ಮೊದಲು ನನ್ನನ್ನು ಕರೆಸಿದರು. ನಾನು ಸೆರಗು ಹೊದ್ದು ಬಾಗಿಲ ಬಳಿ ನಿಂತೆ.

"ತಂಗೀ, ಕಂಪನಿಗೆ ಕಾಗದ ಬರದೀರಂತ. ಅದು ಮನಿ ಬಿಟ್ಟು ಹೋಗಿದ್ದು ಯಾವತ್ತು?"

"ಸೋಮವಾರರೀ," ಅಂದೆ. ನಾಲಿಗೆ ತಡವರಿಸಲಿಲ್ಲ. ಅವರು ಬರೆದುಕೊಂಡರು.

"ಯಾರ ಕೈಯಾಗ ಕೊಟ್ರಿ?"

ನಾನು ರಾಯರ ಕಡೆ ನೋಡಿದೆ. ಅಷ್ಟರಲ್ಲಿ ನನ್ನ ಹಿಂದಿನಿಂದ ಅತ್ತೆ ಪಡಸಾಲೆಗೆ ಬಂದರು. ಪರಗಂಡಸರಿದ್ದಾಗ ಅವರು ಹೊರಗೆ ಬಂದದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ.

"ಕಾಗದ ಮನಿ ಬಿಟ್ಟೇ ಇದ್ದಿಲ್ರೀ ಸಾಹೇಬರ. ಬೆಂಕಿ ಬಿದ್ದಾಗ ಜಗಲಿ ಮ್ಯಾಲೇ ಇತ್ತು. ಈಕಿ ಮೊದ್ಲೇ ಬರದಿದ್ಲು, ರಾಯರೂ ಮೊದ್ಲೇ ಹೇಳಿದ್ರು. ತಡದಾಕಿ ನಾನು."

ಮಾವ ತಲೆ ತಗ್ಗಿಸಿದರು. ಸಾಹೇಬರು ಲೇಖನಿ ಕೆಳಗಿಟ್ಟರು.

"ಅವ್ವಾರ, ನಿಮ್ಮ ಈ ಮಾತಿಂದ ನಿಮಗೇ ಲುಕ್ಸಾನ ಅದ. ಗೊತ್ತದ ಏನ್ರೀ?"

"ಗೊತ್ತದರೀ. ನನ್ನ ಹೊಲ ಹೋಗ್ತದ. ತಪ್ಪು ಮಾಡಿದಾಕಿ ನಾ, ಹೋಗ್ಲಿ. ನನ್ನ ತಪ್ಪಿಗೆ ಈ ಹುಡುಗಿ ಬಾಯಿ ಯಾಕ ಕೆಡಬೇಕ್ರೀ?"

ಸಾಹೇಬರು ಲೇಖನಿ ಮತ್ತೆ ಎತ್ತಿಕೊಂಡರು. ಆಮೇಲೆ ನನ್ನ ಉತ್ತರ ಬರೆದಿದ್ದ ಸಾಲಿನ ಮೇಲೆ ಉದ್ದಕ್ಕೆ ಗೀಟು ಎಳೆದು, ಅತ್ತೆ ಹೇಳಿದ್ದನ್ನು ಬರೆದುಕೊಂಡರು. ಮಾಧವರಾಯರನ್ನು ಏನೂ ಕೇಳಲಿಲ್ಲ. ಅವರ ಚೀಲ ತೆರೆಯಲೇ ಇಲ್ಲ, ಅವರ ಏಜೆನ್ಸಿಯೂ ಉಳಿಯಿತು. ಚಹಾ ಕುಡಿದು ಹೊರಡುವಾಗ ಸಾಹೇಬರು ಅತ್ತೆಗೆ ಕೈಮುಗಿದರು. ಕೈಮುಗಿದರೇನು, ಕಂಪನಿಯಿಂದ ಹತ್ತು ದಿನದಲ್ಲಿ ಹಣ ಕೊಡಲಾಗದೆಂದೇ ಪತ್ರ ಬಂತು. ಅದನ್ನು ಓದಿ ಹೇಳಿದವಳೂ ನಾನೇ. ಹೊಲ ಮಾರಿದರು. ಮಳೆ ಹಿಡಿಯುವ ಮೊದಲು ಗೋದಾಮಿನ ಮೇಲೆ ತಗಡು ಬಂತು.

ಸಾಹೇಬರು ಬಂದು ಹೋದ ದಿನ ಸಂಜೆ ಅತ್ತೆ ರೊಟ್ಟಿ ಬಡಿಯುತ್ತಿದ್ದರು. ನನಗೆ ಒಲೆಯ ಮುಂದೆ ಕೂರಲಾಗಲಿಲ್ಲ.

"ಅತ್ತಿ, ನಾ ಸೋಮವಾರ ಅಂತ ಹೇಳಿಬಿಟ್ಟೆ..."

ಅವರು ಕೈ ನಿಲ್ಲಿಸಲಿಲ್ಲ. "ನನಗ ಕೇಳ್ಸಿಲ್ಲ. ನಾ ಒಳಗಿದ್ದೆ. ಹಂಚು ಕಾದದ, ನೋಡು."

ನಾನು ಸಾಹೇಬರಿಗೆ ಉತ್ತರ ಹೇಳುವಾಗ ಅವರು ನನ್ನ ಬೆನ್ನ ಹಿಂದೆಯೇ ನಿಂತಿದ್ದರು. ಕೇಳಿಸಿದ್ದರಿಂದಲೇ ಹೊರಗೆ ಬಂದಿದ್ದರು.

ಕಾಗದದ ವಿಷಯದಲ್ಲಿ ನಾನು ಸರಿ, ಅತ್ತೆ ತಪ್ಪು. ಈಗಲೂ ಅದನ್ನೇ ಹೇಳುತ್ತೇನೆ. ಆದರೆ ಆ ದಿನ ಪಡಸಾಲೆಯಲ್ಲಿ ನಡೆದದ್ದನ್ನು ನೆನೆದರೆ ಈ ವಯಸ್ಸಿನಲ್ಲೂ ನನ್ನ ಮುಖ ಬಿಸಿಯಾಗುತ್ತದೆ. ಅತ್ತೆ ಆಮೇಲೆ ಬಹಳ ವರ್ಷ ಬದುಕಿದರು. ಎಷ್ಟೋ ಸಲ ನನ್ನ ಮೇಲೆ ಸಿಟ್ಟಾದರು, ಆ ಮಾತು ಮಾತ್ರ ಎತ್ತಲಿಲ್ಲ. ಅತ್ತೆಯ ಹಟದಿಂದ ಹೊಲ ಹೋಯಿತೆಂಬ ಕತೆಯನ್ನು ನಮ್ಮ ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ನಾನೂ ಮಕ್ಕಳಿಗೆ, ಮೊಮ್ಮಕ್ಕಳಿಗೆ ನಗುತ್ತ ಹೇಳಿದ್ದೇನೆ. ಅದರಲ್ಲಿ ನಾನು ಆಡಿದ ಸುಳ್ಳನ್ನು ಸೇರಿಸಿ ಹೇಳಿದ್ದು ಇದೇ ಮೊದಲು.