ಸಂಗಮ್ಮನನ್ನು ಹೊರಗೆ ನಿಲ್ಲಿಸಿದ ದಿನ

ಆ ವಾರ್ಡಿನಲ್ಲಿ ಹೆತ್ತ ತಾಯಿ ಮಗನನ್ನು ಮುಟ್ಟುವಂತಿರಲಿಲ್ಲ, ನಾನು ಮುಟ್ಟಬಹುದಿತ್ತು. ಮಾನ್ವಿ ತಾಲೂಕಿನ ಪೋತ್ನಾಳದಲ್ಲಿ, ಊರ ಹೊರಗಿನ ಕೇರಿಯಲ್ಲಿ ಹುಟ್ಟಿ, ಎಂಬತ್ತರ ದಶಕದಲ್ಲಿ ಮುಂಬಯಿಗೆ ಬಂದ ನರ್ಸ್ ನಾನು. ಇದನ್ನು ನಂಬಲು ನನಗೆ ತಿಂಗಳುಗಳೇ ಬೇಕಾದವು.

ರಾಯಚೂರಿನ ಕಾನ್ವೆಂಟಿನ ಇಂಗ್ಲಿಷಿನಿಂದ ಕೆಲಸವೇನೋ ಸಿಕ್ಕಿತು. ಇರಲು ಸಿಕ್ಕಿದ್ದು ಚಾಳಿನಲ್ಲಿ, ಅಂದರೆ ಸಾಲು ಕೋಣೆಗಳ ಕಟ್ಟಡದಲ್ಲಿ, ನಾಲ್ವರಿಗೆ ಒಂದು ಕೋಣೆ. ಜೋಳದ ರೊಟ್ಟಿಯ ಬದಲು ಪಾವ್ ಎಂಬ ಬ್ರೆಡ್ಡು. ನಮ್ಮ ಕಡೆ ಮೊದಲು ಕೇಳುವುದು "ಯಾರ ಪೈಕಿ?" ಅಂತ. ಇಲ್ಲಿ ಎಲ್ಲರಿಗೂ ನಾನು ಮದ್ರಾಸಿ. ವಾಟ್ ಎ ರಿಲೀಫ್. ಆದರೆ ಅತ್ತರೆ ಯಾಕೆಂದು ಕನ್ನಡದಲ್ಲಿ ಕೇಳುವವರೂ ಇರಲಿಲ್ಲ.

ನಮ್ಮದು ಅಸ್ಥಿಮಜ್ಜೆ ಬದಲಿಸುವ ವಾರ್ಡು. ಕೆಟ್ಟ ಮಜ್ಜೆಯನ್ನು ಔಷಧಿಯಿಂದ ಸುಟ್ಟು, ಒಡಹುಟ್ಟಿದವರದನ್ನು ಕೊಡುತ್ತಿದ್ದರು. ಅದು ಚಿಗುರುವವರೆಗೆ ಮೈಗೆ ರೋಗ ತಡೆಯುವ ಶಕ್ತಿಯೇ ಇಲ್ಲ. ಬಾಯೊಳಗಿನ ಪದರ ಸುಲಿದು ಹುಣ್ಣಾಗುತ್ತದೆ; ಅಲ್ಲಿಂದಲೇ ಸೋಂಕು ರಕ್ತಕ್ಕೆ ಇಳಿಯುತ್ತದೆ. ಎರಡೆರಡು ತಾಸಿಗೆ ಆ ಬಾಯಿ ತೊಳೆಯುವುದು ನನ್ನ ಡ್ಯೂಟಿ.

ಒಮ್ಮೆ ನಮ್ಮೂರಿನ ರೈಸ್‌ಮಿಲ್ ಸಾಹುಕಾರರ ಮಗ ಬಸವರಾಜ ಬಂದು ಸೇರಿದ. ಗಾಜಿನಾಚೆ ಅವನ ತಾಯಿ ಸಂಗಮ್ಮ. ನೋಡಿದ ತಕ್ಷಣ ಗುರುತು ಹಿಡಿದೆ. ನಮ್ಮವ್ವ ಅವರ ಮಿಲ್ಲಿನಲ್ಲಿ ಅಕ್ಕಿ ಹಸನು ಮಾಡುತ್ತಿದ್ದಳು. ನೀರು ಕೇಳಿದರೆ ಸಂಗಮ್ಮ ತಂಬಿಗೆಯನ್ನು ಎತ್ತರಕ್ಕೆ ಹಿಡಿದು ನಮ್ಮ ಬೊಗಸೆಗೆ ಸುರಿಯುತ್ತಿದ್ದಳು.

"ಮಠದ ತೀರ್ಥ ತಂದೀನ್ರಿ ಸಿಸ್ಟರ್. ಒಂದ್ ಹನಿ ಮಗನ ಬಾಯಾಗ ಬಿಡ್ತೀನಿ."

"ಬಿಡಂಗಿಲ್ರಿ. ಹುಣ್ಣಿಗಿ ನಂಜು ಏರ್ತದ."

"ನಮ್ಮ ಕಡೀ ಮಾತು! ಯಾವೂರವ್ರು ನೀವು?"

"ಪೋತ್ನಾಳ್ರಿ. ನಿಮ್ಮ ಮಿಲ್ಲಿನ ದುರುಗವ್ವನ ಮಗಳು."

ಕೂಡಲೇ 'ನೀವು' ಹೋಗಿ 'ನೀ' ಬಂತು. "ಹಂಗಾರ ನಮ್ಮನಿ ಅನ್ನ ಉಂಡಾಕಿ ನೀ."

"ದುಡುದು ಉಂಡೀವ್ರಿ."

ಹತ್ತನೆಯ ದಿನ ಹುಡುಗನಿಗೆ ಜ್ವರ ಏರಿತು. ತಾಯಿಗೆ ಕೈ ತೊಳೆಸಿ, ಗೌನ್ ತೊಡಿಸಿ ಒಳಗೆ ಬಿಡು, ನಾಳೆ ಹೇಗೋ ಗೊತ್ತಿಲ್ಲ ಎಂದರು ಡಾಕ್ಟರು. ನಾನು ಹೊರಗೆ ಬಂದು, "ಇವತ್ತ ಆಗಂಗಿಲ್ರಿ. ನಾಳಿ ನೋಡೂಣು," ಎಂದೆ. ಡಾಕ್ಟರೇ ಬಿಡು ಎಂದಮೇಲೆ ತಡೆಯುವ ಯಾವ ರೂಲೂ ಇರಲಿಲ್ಲ. ಸಂಜೆಯವರೆಗೂ ಆಕೆ ಗಾಜಿಗೆ ಹಣೆ ಆನಿಸಿ ನಿಂತಳು. ಅವಳಿಗೆ ಕಾಣಲೆಂದೇ ನಾನು ಅವನ ಬಾಯನ್ನು ನಿಧಾನವಾಗಿ, ಬಹಳ ನಿಧಾನವಾಗಿ ಒರೆಸಿದೆ.

ಹುಡುಗ ಬದುಕಿದ. ಅಂದು ಹೋಗಿಬಿಟ್ಟಿದ್ದರೆ ಎಂದು ಈ ವಯಸ್ಸಿನಲ್ಲೂ ನಡುರಾತ್ರಿ ಎದ್ದು ಕೂರುತ್ತೇನೆ; ಆದರೂ ಸಾರಿ ಎನ್ನಲಾರೆ. ಕಾನ್ವೆಂಟಿನ ಮದರ್‌ಗಳು ಕಲಿಸಿದ ಫರ್ಗಿವ್‌ನೆಸ್ ನನಗೆ ಹತ್ತಲಿಲ್ಲ. ಸಂಗಮ್ಮ ತಂಬಿಗೆ ಎತ್ತಿ ಹಿಡಿದದ್ದನ್ನು ದೇವದುರ್ಗದಲ್ಲಿರುವ ಆಕೆಯ ಬೀಗರೂ ಓದಲೆಂದೇ ಇದನ್ನು ಬರೆಯುತ್ತಿದ್ದೇನೆ.

ಊರಿಗೆ ಹೊರಟಾಗ ಸಂಗಮ್ಮ, "ಬಂದಾಗ ಮನಿಗಿ ಬಾ ಯವ್ವಾ," ಅಂದಳು.

"ಒಳಗ ಎಲ್ಲೀತನಕ ಬರ್ಲಿರಿ?"

ಆಕೆ ಸೆರಗು ಎಳೆದುಕೊಂಡು ಮಗನ ಪಕ್ಕ ಹತ್ತಿ ಕೂತಳು. ಟ್ಯಾಕ್ಸಿ ಹೊರಟಿತು.

ಮುಂಬಯಿಯಲ್ಲಿ ನನ್ನನ್ನು ಯಾರೂ ಬರಬೇಡ ಎಂದಿಲ್ಲ, ಬಾ ಎಂದೂ ಅಂದಿಲ್ಲ. ಅವ್ವ ತೀರಿಹೋದಮೇಲೆ ಪೋತ್ನಾಳದವರಲ್ಲಿ ನನ್ನನ್ನು ಮನೆಗೆ ಕರೆದವಳು ಆಕೆಯೊಬ್ಬಳೇ. ನಾನು ಹೋಗಲಿಲ್ಲ.