ಗೆರೆಯ ಹೊರಗಿನ ಚುಕ್ಕಿ

ಗುರುವಾರ ರಾಯರ ನೈವೇದ್ಯಕ್ಕೆ ಶೀಕರಣಿ ಮಾಡಬೇಕೆಂದು ಕಮಲಾಪುರದ ಕೆಂಪು ಬಾಳೆಹಣ್ಣು ಸುಲಿಯುತ್ತಿದ್ದೆ. ಫೋನ್ ಬಂತು. ಐವಾನ್-ಎ-ಶಾಹಿ ಬಡಾವಣೆಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಮಾಸ್ತರ ಕಾಕಾ ತೀರಿಕೊಂಡರೆಂದು ಅವರ ಸೊಸೆ ಹೇಳಿದಳು. ಕೈಗೆ ಹತ್ತಿದ್ದ ಆ ಹಣ್ಣಿನ ವಾಸನೆ... ಕಾಕಾ ತೋಟದಿಂದ ತರುತ್ತಿದ್ದ ಚೀಲಕ್ಕೂ ಅದೇ ವಾಸನೆ ಇತ್ತು.

ನಾವು ಅಲ್ಲಿಯ ಮನೆ ಬಿಟ್ಟು ಬಹಳ ವರ್ಷವಾಯಿತು. ಆಗ ಕಾಕಾ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾಗಿದ್ದರು. ಭಾನುವಾರ ಬಂದರೆ ಬಸ್ಸು ಹಿಡಿದು ಕಮಲಾಪುರದ ತಮ್ಮ ತೋಟಕ್ಕೆ ಹೋಗಿ, ಬಾಳೆಗಿಡಗಳ ಸುತ್ತಳತೆಯನ್ನು ಟೇಪಿನಿಂದ ಅಳೆದು, ಗೊನೆ ಕಡಿದಾಗ ಅದರ ತೂಕ ಬರೆದಿಡುತ್ತಿದ್ದರು. ಗಿಡದ ದಪ್ಪ ನೋಡಿಯೇ ಗೊನೆಯ ತೂಕ ಹೇಳಬಹುದೇ ಎಂಬುದು ಅವರ ಹುಚ್ಚು. ಮನೆಯವರು ನಗುತ್ತಿದ್ದರು. ಅವರಿಗೆ ಆಗಲೇ ಸ್ವಲ್ಪ ಮರೆವೂ ಶುರುವಾಗಿತ್ತು...

ನಾನು ಮೂರು ತಿಂಗಳು ಕಂಪ್ಯೂಟರ್ ಕ್ಲಾಸಿಗೆ ಹೋಗಿದ್ದೆ. ಮನೆಗೂ ಒಂದು ಕಂಪ್ಯೂಟರ್ ಬಂದಿತ್ತು. ಎಲ್ಲಾ ರಾಯರ ಕೃಪೆ. ಕಾಕಾ ತಮ್ಮ ನೋಟುಬುಕ್ ತಂದು ಕೊಟ್ಟರು.

"ಯವ್ವಾ, ನಲವತ್ತು ಗಿಡ ಅದಾವ. ಇದರ ಚಿತ್ರ ತಗದು ಕೊಡ್ತಿಯೇನು? ಕೃಷಿ ಆಫೀಸಿನವರಿಗೆ ತೋರಸ್ತೀನಿ."

ಸ್ಪ್ರೆಡ್‌ಶೀಟಿನ ಒಂದು ಕಾಲಮ್ಮಿನಲ್ಲಿ ದಪ್ಪ, ಪಕ್ಕದಲ್ಲಿ ತೂಕ ತುಂಬಿ ಸ್ಕ್ಯಾಟರ್ ಚಾರ್ಟ್ ಒತ್ತಿದೆ. ಗಿಡಕ್ಕೊಂದು ಚುಕ್ಕಿ. ಟ್ರೆಂಡ್‌ಲೈನ್ ಹಾಕಿದಾಗ ಚುಕ್ಕಿಗಳ ನಡುವೆ ಗೆರೆಯೊಂದು ಏರುತ್ತಾ ಹೋಯಿತು. ಒಂದು ಚುಕ್ಕಿ ಮಾತ್ರ ದೂರ, ಮೇಲೆ ನಿಂತಿತ್ತು: ಸಣಕಲು ಗಿಡ, ಭಾರದ ಗೊನೆ. ದಿನಾ ಅಂಗಳಕ್ಕೆ ರಂಗೋಲಿ ಹಾಕುವ ಕೈ ನನ್ನದು. ಎಣಿಕೆ ತಪ್ಪಿ ಬಿದ್ದ ಚುಕ್ಕಿಯನ್ನು ಬೆರಳಿನಿಂದ ಒರೆಸಿಬಿಡುವುದು ರೂಢಿ. ಹಾಗೆಯೇ ಸ್ಪ್ರೆಡ್‌ಶೀಟಿನಿಂದ ಆ ಗಿಡದ ಸಾಲು ಅಳಿಸಿದೆ. ಗೆರೆ ಚುಕ್ಕಿಗಳಿಗೆ ಇನ್ನೂ ಹತ್ತಿರ ಬಂತು. ಚಂದ ಕಂಡಿತು.

ಪ್ರಿಂಟು ಕೊಟ್ಟಾಗ ಕಾಕಾ ಪೆನ್ಸಿಲ್ ಹಿಡಿದು ಎಣಿಸಿದರು. ಮತ್ತೆ ಎಣಿಸಿದರು.

"ಮೂವತ್ತೊಂಬತ್ತೇ ಅದಾವಲ್ಲವ್ವಾ? ಬಾವಿ ಹತ್ರ ಒಂದು ಸಣ್ಣ ಗಿಡ ಇತ್ತು... ಭಾರೀ ಗೊನಿ ಬಿಟ್ಟಿತ್ತು."

ನಿಜ ಹೇಳಬಹುದಿತ್ತು. ನಾಚಿಕೆಯಾಯಿತು. "ನೀವು ಮೂವತ್ತೊಂಬತ್ತೇ ಬರದಿರಬೇಕು ರೀ ಕಾಕಾ" ಎಂದೆ.

ಬಾಗಿಲಲ್ಲಿ ನಿಂತಿದ್ದ ಸೊಸೆ ನಕ್ಕಳು. "ಮಾವಾರ, ನಿನ್ನೆ ಉಂಡು ಕೈ ತೊಳಕೊಂಡು, ಊಟಕ್ಕ ಯಾವಾಗ ಕರೀತಿ ಅಂತ ಕೇಳಿದ್ರಿ. ಈಗ ಗಿಡ ಎಣಸ್ತೀರೇನು!"

ಕಾಕಾನೂ ನಕ್ಕರು. ಆಮೇಲೆ ನಗು ನಿಂತಿತು. "ಹಂಗಾದ್ರ ಆ ಗಿಡಾ ನಾ ಕನಸಿನಾಗ ನೋಡೀನೇನು?" ಎನ್ನುತ್ತಾ ಕಾಗದ ಮಡಚಿಕೊಂಡು ಹೋದರು.

ಗೊನೆ ಇಳಿಸಿದ ಮೇಲೆ ಬಾಳೆಗಿಡವನ್ನೂ ಕಡಿದುಬಿಡುತ್ತಾರೆ. ತೋಟಕ್ಕೆ ಹೋದರೂ ನೋಡಲು ಅಲ್ಲಿ ಏನೂ ಉಳಿದಿರಲಿಲ್ಲ. ಉಳಿದದ್ದು ನೋಟುಬುಕ್ ಒಂದೇ, ಅದು ನನ್ನ ಹತ್ತಿರ. ಕಾಕಾ ಕೃಷಿ ಆಫೀಸಿಗೆ ಹೋಗಲಿಲ್ಲ. ಮತ್ತೆ ಟೇಪು ಹಿಡಿಯಲಿಲ್ಲ. ನೋಟುಬುಕ್ ಕೇಳಲೂ ಬರಲಿಲ್ಲ. ರಾಯರು ಮಾನ ಉಳಿಸಿದರು ಎಂದು ಆಗ ನಾನು ಕೈಮುಗಿದಿದ್ದೆ...

ಫೋನ್ ಇಟ್ಟು ಟ್ರಂಕು ತೆಗೆದೆ. ನೋಟುಬುಕ್ ತಳದಲ್ಲಿತ್ತು. ಬಾವಿಯ ಹತ್ತಿರದ ಗಿಡ ಕೊನೆಯ ಪುಟದಲ್ಲಿದೆ. ಅದರ ಮುಂದೆ ಕಾಕಾ ಸಣ್ಣದಾಗಿ ಬರೆದಿದ್ದಾರೆ: "ನಂಬಿಕೆ ಬರಲಿಲ್ಲ. ಎರಡು ಸಲ ತೂಗಿದೆ."

ಆ ದಿನ ಅವರು ಏನೂ ಮರೆತಿರಲಿಲ್ಲ. ಅದನ್ನು ಅವರಿಗೆ ಹೇಳಬಹುದಾಗಿದ್ದವಳು ನಾನೊಬ್ಬಳೇ. ಇನ್ನು ಯಾರಿಗೆ ಹೇಳಲಿ...

ನಳಕ್ಕೆ ನೀರು ಬಂದ ಸದ್ದಾಯಿತು. ಹಣ್ಣು ಹತ್ತಿದ ಕೈ ತೊಳೆದುಕೊಂಡು ಕೊಡ ಹಿಡಿಯಲು ಹೋದೆ.