ಅಂಗೈಯ ಮೇಲಿನ ಸಮೀಕರಣ

ಫ್ರೇಜರ್ ಟೌನಿನ ಬಾಡಿಗೆ ಮಹಡಿಯಲ್ಲಿ ನಾವಿದ್ದ ಕಾಲದಲ್ಲಿ ನನಗೆ ಬುದ್ಧಿಗಿಂತ ಉಸಾಬರಿ ಜಾಸ್ತಿ. ಕೆಳಗೆ ಓನರ್ ಮನೆ. ಅವರ ಮಗಳು ನುಸ್ರತ್‌ಳನ್ನು ಅಕ್ಕ ಎನ್ನದೆ ಆಪಾ ಎನ್ನುತ್ತಿದ್ದೆ. ಅವಳು ಬಿ.ಎಸ್ಸಿ. ಕೊನೆಯ ವರ್ಷ, ನಾನು ಏಳನೇ ಕ್ಲಾಸು. ಸ್ಕೂಲು ಬಿಟ್ಟೊಡನೆ ಅವರ ಮನೆಗೇ ಓಡುತ್ತಿದ್ದೆ. ಒಲೆಯ ಮೇಲೆ ಏಲಕ್ಕಿ ಹಾಕಿದ ಚಹಾ, ಮೇಜಿನ ಮೇಲೆ ಆಪಾಳ ಲೆಕ್ಕದ ಪುಸ್ತಕ, ಪಕ್ಕದಲ್ಲಿ ಮೆಹಂದಿ ಕೋನು. ಕೋನು ಹಿಡಿಯುವುದನ್ನು ನನಗೆ ಕಲಿಸಿದವಳೂ ಅವಳೇ.

ಒಂದು ದಿನ ಪುಸ್ತಕ ತಿರುಗಿಸಿ ಒಂದು ಸಾಲು ತೋರಿಸಿದಳು. ಇ, ಅದರ ತಲೆಯ ಮೇಲೆ ಐ ಮತ್ತು ಪೈ, ಆಮೇಲೆ ಪ್ಲಸ್ ಒಂದು. ಉತ್ತರ ಸೊನ್ನೆ.

“ಎಷ್ಟು ಚಂದ ಇದೆ ಅಲ್ವಾ?”

“ಎಲ್ಲಿ ಆಪಾ?”

“ಈ ಐದು ಸಂಖ್ಯೆಗಳೂ ಬೇರೆ ಬೇರೆ ಊರಿನವು ಕಣೇ. ಆದ್ರೂ ಒಂದೇ ಸಾಲಲ್ಲಿ ಎಷ್ಟು ಒಪ್ಪವಾಗಿ ಕೂತಿವೆ ನೋಡು!”

“ಐ ಅಂದ್ರೆ?”

“ಅದನ್ನ ಅದರಿಂದ್ಲೇ ಗುಣಿಸಿದ್ರೆ ಮೈನಸ್ ಒಂದು.”

ಅಯ್ಯೋ, ಹಾಗೆ ಬರುವುದೇ ಇಲ್ಲ ಎಂದು ನಮ್ಮ ಮಿಸ್ ಹೇಳಿದ್ದರು. ಯಾರನ್ನು ನಂಬುವುದು? ಆಪಾಳ ಮುಖ ನೋಡಿದರೆ ಚಂದ ಇದ್ದೇ ಇರಬೇಕು ಅನ್ನಿಸುತ್ತಿತ್ತು, ಸಾಲು ನೋಡಿದರೆ ತಲೆ ಗಿರ್ರೆನ್ನುತ್ತಿತ್ತು.

ಆ ಬೇಸಿಗೆಯಲ್ಲೇ ಅವಳ ಮದುವೆ ಗೊತ್ತಾಯಿತು. ಹುಡುಗ ಸಲೀಂ, ಶಿವಾಜಿನಗರದಲ್ಲಿ ಬಟ್ಟೆ ಅಂಗಡಿ. ಮದುಮಗಳ ಮೆಹಂದಿಯಲ್ಲಿ ಗಂಡಿನ ಹೆಸರು ಅಡಗಿಸಿಡುವುದು ಅವರಲ್ಲಿ ವಾಡಿಕೆ. ಗಂಡು ಅದನ್ನು ಹುಡುಕಬೇಕು. ಮೆಹಂದಿಯ ಮಧ್ಯಾಹ್ನ ಆಪಾ ನನ್ನನ್ನೇ ಕೂರಿಸಿಕೊಂಡು, “ಬಲಗೈ ಮಧ್ಯೆ ಹೆಸರು ಬೇಡ. ಆ ಸಾಲು ಬರಿ,” ಎಂದು ಪಿಸುಗುಟ್ಟಿದಳು.

“ಯಾಕೆ?”

“ಇದೇನು ಅಂತ ಅವರು ಕೇಳ್ತಾರೆ. ಆಗ ಎಂ.ಎಸ್ಸಿ. ಓದ್ಬೇಕು ಅಂತ ಹೇಳ್ತೀನಿ. ಸುಮ್ಸುಮ್ನೆ ಬಾಯಿಬಿಟ್ಟು ಕೇಳೋಕೆ ನಂಗೆ ಧೈರ್ಯ ಇಲ್ಲ.”

ಬರೆದೆ. ಎರಡೂ ಕೈಗೆ ಮೆಹಂದಿ ಹಾಕಿಸಿಕೊಂಡ ಆಪಾ ಕೂತಲ್ಲೇ ನಿದ್ದೆಹೋದಳು. ಅಷ್ಟರಲ್ಲಿ ಅವಳ ಚಿಕ್ಕಮ್ಮ, ನಮ್ಮೆಲ್ಲರಿಗೂ ಖಾಲಾ, ನನಗೆ ಬಿರಿಯಾನಿ ತಟ್ಟೆ ಕೊಡುತ್ತ ನಕ್ಕರು. “ಹೆಸ್ರು ಸಿಗ್ಲಿಲ್ಲ ಅಂದ್ರೆ ದೂಲ್ಹಾ ವಾಪಸ್ ಹೋಗ್ಬಿಡ್ತಾನೆ, ನೋಡ್ಕೋ!”

ತಮಾಷೆ ಎಂದು ನನಗೇನು ಗೊತ್ತು? ನನ್ನಿಂದ ಆಪಾಳ ಮದುವೆ ಮುರಿಯುವುದೇ? ಒದ್ದೆ ಬಟ್ಟೆಯಲ್ಲಿ ಸಾಲನ್ನು ಮೆಲ್ಲಗೆ ಒರೆಸಿದೆ. ಉಳಿದ ತೆಳು ಕಲೆಯ ಮೇಲೆ ದಪ್ಪನೆಯ ಹೂವು ಬಿಡಿಸಿ, ದಳಗಳ ನಡುವೆ ಸಲೀಂ ಎಂದು ಬರೆದೆ.

ಎದ್ದು, ಒಣಗಿದ ಮೆಹಂದಿ ಉದುರಿಸಿದ ಆಪಾ ಅಂಗೈಯನ್ನೇ ನೋಡುತ್ತ ಕೂತಳು. ನನ್ನ ಕಡೆ ನೋಡಿದಳು. ಬೈಯಲಿಲ್ಲ. ಮದುವೆಯ ದಿನ ಸಲೀಂ ಭಾಯಿ ಒಂದೇ ನಿಮಿಷದಲ್ಲಿ ಹೆಸರು ಹುಡುಕಿಬಿಟ್ಟರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ, ದಡ್ಡಿ.

ಈಗ ನನ್ನ ಇಂಜಿನಿಯರಿಂಗ್ ಮುಗಿದಿದೆ. ಆ ಸಾಲು ಯಾಕೆ ಸರಿ ಎಂದು ಅರ್ಧ ಪುಟದಲ್ಲಿ ತೋರಿಸಬಲ್ಲೆ; ಚಂದ ಮಾತ್ರ ಇವತ್ತಿಗೂ ಹಿಡಿತಕ್ಕೆ ಸಿಕ್ಕಿಲ್ಲ. ಹೋದ ತಿಂಗಳು ಆಪಾಳ ಮನೆಗೆ ಹೋಗಿ, ಅವತ್ತು ತಪ್ಪು ಮಾಡಿದೆ, ಕ್ಷಮಿಸು ಎಂದೆ.

“ಹೆಸರು ಸಿಕ್ತು ಅಂತ ಅವರು ಅಷ್ಟು ಖುಷಿಯಾಗಿದ್ರು. ಹೆಂಗೆ ಕೇಳ್ಲಿ? ಆಮೇಲೆ ಕೇಳೋಕೆ ಆಗ್ಲೇ ಇಲ್ಲ. ಬಿಡು.”

ಅದರ ಚಂದ ಏನೆಂದಾದರೂ ಹೇಳು ಎಂದು ಪಟ್ಟು ಹಿಡಿದೆ.

“ನಂಗೂ ಪೂರ್ತಿ ಗೊತ್ತಿರ್ಲಿಲ್ಲ ಕಣೇ. ಅದಕ್ಕೇ ಅಲ್ವಾ ಓದ್ಬೇಕು ಅಂತಿದ್ದಿದ್ದು?”